ರೈಲ್‌ಬಸ್ಸಿಗೆ ಇನ್ನೊಂದು ಬೋಗಿ ಸಿಕ್ಕಿಸಿದರೆ ಏನಾಗುತ್ತದೆ?

ತಾಳಗುಪ್ಪ ಮಾರ್ಗ ಮೀಟರ್‌ಗೇಜ್ ಆಗಿದ್ದಾಗ ಶಿವಮೊಗ್ಗದಿಂದ ಓಡಾಡುತ್ತಿದ್ದ ರೈಲ್‌ಬಸ್ಸನ್ನೂ ಬಂಗಾರಪೇಟೆ–ಕೋಲಾರದ ನಡುವಿನ ರೈಲ್‌ಬಸ್ಸನ್ನೂ ಆ ಕಡೆಯವರು ಮರೆತಿರಲಾರರು. ಎಳೆಯಲು ಬೇರೆ ಎಂಜಿನ್ ಇಲ್ಲ, ಇರುವ ಡಬ್ಬಿಯ ಹೊಟ್ಟೆಯಲ್ಲೇ ಡೀಸೆಲ್ ಎಂಜಿನ್. ಬಸ್ಸಿಗೆ ರಬ್ಬರ್ ಚಕ್ರ ಕಳಚಿ ಕಬ್ಬಿಣದ ಗಾಲಿ ಹಾಕಿದ ಹಾಗೆ. ಸಂತೆ ದಿನ, ಹಬ್ಬದ ದಿನ ಅದರಲ್ಲಿ ನಿಲ್ಲಲೂ ಜಾಗ ಸಿಗದಿದ್ದಾಗ ಯಾರಾದರೂ ಕೇಳುವ ಮಾತು ಒಂದೇ: ಹಿಂದೆ ಇನ್ನೊಂದು ಬೋಗಿ ಸಿಕ್ಕಿಸಿದರೆ ಇವರ ಗಂಟೇನು ಹೋಗುತ್ತೆ?

ಗಂಟು ಹೋಗುತ್ತೆ. ಎಷ್ಟು, ಎಲ್ಲಿ, ಹೇಗೆ ಹೋಗುತ್ತೆ ಅನ್ನುವುದೇ ಈ ಗಾಡಿಗಳ ಸುಮಾರು 120 ವರ್ಷದ ಕಥೆ.

ಮೊದಲು ಇವು ಯಾಕೆ ಹುಟ್ಟಿದವು ನೋಡಿ. ಚಿಕ್ಕ ಕವಲು ಮಾರ್ಗ, ಒಂದು ಸಲಕ್ಕೆ 20–30 ಜನ. ಅವರಿಗಾಗಿ ಒಂದು ಉಗಿ ಎಂಜಿನ್ ಓಡಿಸಬೇಕೆಂದರೆ ಬೆಳಗಿನ ಗಾಡಿಗೆ ನಡುರಾತ್ರಿಯೇ ಬೆಂಕಿ ಹಾಕಬೇಕು. ತಣ್ಣಗಿನ ಬಾಯ್ಲರ್ ಒತ್ತಡಕ್ಕೆ ಬರಲು ಹಲವು ಗಂಟೆ ಬೇಕು. ಡ್ರೈವರ್, ಫೈರ್‌ಮನ್, ಗಾರ್ಡ್ ಸೇರಿ ಮೂರು ಸಂಬಳ. ಕೊನೆಯ ಸ್ಟೇಷನ್ ಮುಟ್ಟಿದ ಮೇಲೆ ಎಂಜಿನ್ ಬಿಚ್ಚಬೇಕು, ಮುಂದೆ ಒಯ್ದು ಪಾಯಿಂಟ್ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ದಾಟಿಸುವ ಕೀಲು) ತಿರುಗಿಸಬೇಕು, ಲೂಪ್ ಲೈನಿನ, ಅಂದರೆ ಪಕ್ಕದ ಬಳಸುಹಳಿಯ ಮೇಲೆ ಹಿಂದಕ್ಕೆ ತಂದು ಮತ್ತೆ ಪಾಯಿಂಟ್ ತಿರುಗಿಸಿ ಇನ್ನೊಂದು ತುದಿಗೆ ಕಟ್ಟಬೇಕು, ಬ್ರೇಕ್ ಪೈಪ್ ಜೋಡಿಸಿ ಬ್ರೇಕ್ ಹಿಡಿಯುತ್ತದಾ ಎಂದು ನೋಡಬೇಕು. ಹತ್ತು ನಿಮಿಷ ಇದಕ್ಕೇ ಹೋಯಿತು. ಲೂಪ್ ಲೈನು, ಪಾಯಿಂಟು, ಅದನ್ನು ನೋಡಿಕೊಳ್ಳುವ ಜನ, ಇವೆಲ್ಲದರ ಖರ್ಚು ಬೇರೆ.

ಎರಡೂ ತುದಿಯಿಂದ ಓಡಿಸಬಹುದಾದ ಒಂದೇ ಡಬ್ಬಿ ಇದ್ದರೆ ಇದೆಲ್ಲ ಉಳಿಯುತ್ತದೆ. ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆ 1903ರ ಅಕ್ಟೋಬರ್‌ನಲ್ಲಿ ಸ್ಟೋನ್‌ಹೌಸ್–ಚಾಲ್‌ಫರ್ಡ್ ನಡುವೆ ಓಡಿಸಿದ್ದು ಇಂಥದ್ದನ್ನೇ. ಅದು ಉಗಿಯ ರೈಲ್‌ಮೋಟರ್. ಬೋಗಿಯ ಒಂದು ತುದಿಯಲ್ಲಿ ಚಿಕ್ಕ ಬಾಯ್ಲರ್, ಉಳಿದದ್ದು ಪ್ರಯಾಣಿಕರಿಗೆ. ಆ ಕಣಿವೆಯಲ್ಲಿ ಟ್ರಾಮ್ ಹಾಕುವ ಮಾತು ಎದ್ದಿತ್ತು, ಅದಕ್ಕೆ ಮೊದಲೇ ರೈಲ್ವೆಯವರು ಅಲ್ಲಲ್ಲಿ ಅಗ್ಗದ ಹಾಲ್ಟ್ ಕಟ್ಟಿ ಗಂಟೆಗೊಂದು ಗಾಡಿ ಬಿಟ್ಟರು. ಜನ ಮುಗಿಬಿದ್ದರು. 1908ರ ಹೊತ್ತಿಗೆ ಇಂಥವು 99 ಆದವು.

ಮುಗಿಬಿದ್ದದ್ದೇ ತೊಂದರೆ ಆಯಿತು. ಜನ ಹೆಚ್ಚಿದರು, ಹಿಂದೆ ಒಂದು ಬೋಗಿ ಕಟ್ಟಿದರು, ಏರು ಬಂದಾಗ ಪುಟ್ಟ ಬಾಯ್ಲರಿಗೆ ಉಗಿ ಸಾಲಲಿಲ್ಲ. ಇನ್ನೊಂದು ಪೇಚು ಕಾಗದದ ಮೇಲೆ ಯಾರಿಗೂ ಹೊಳೆದಿರಲಿಕ್ಕಿಲ್ಲ: ಬಾಯ್ಲರ್ ತೊಳೆಯಲು, ಬೂದಿ ತೆಗೆಯಲು ಗಾಡಿ ಎಂಜಿನ್ ಶೆಡ್ಡಿಗೆ ಹೋಗಬೇಕು, ಅದರ ಜೊತೆಗೆ ಪ್ರಯಾಣಿಕರ ಸೀಟುಗಳೂ ಶೆಡ್ಡಿಗೆ ಹೋಗುತ್ತವೆ. ಕಲ್ಲಿದ್ದಲ ಹೊಗೆಯಲ್ಲಿ ರಾತ್ರಿಯಿಡೀ ನಿಂತ ಸೀಟು ಬೆಳಗ್ಗೆ ಹೇಗಿರುತ್ತದೆ? ಬಾಯ್ಲರ್ ಕೆಟ್ಟರೆ ಬೋಗಿಯೂ ರಜೆ. ಕೊನೆಗೆ ಬಹುಪಾಲು ಗಾಡಿಗಳ ಬಾಯ್ಲರ್ ಕಿತ್ತು ಅವನ್ನು ಡ್ರೈವರ್ ಕೋಣೆಯಿರುವ ಬರೀ ಬೋಗಿಗಳಾಗಿ ಮಾಡಿದರು. ಮಾಮೂಲಿ ಚಿಕ್ಕ ಎಂಜಿನ್ ಅವನ್ನು ಒಮ್ಮೆ ಎಳೆಯುತ್ತಿತ್ತು, ಒಮ್ಮೆ ಹಿಂದಿನಿಂದ ನೂಕುತ್ತಿತ್ತು. ಲೂಪ್ ಲೈನಿನ ಗೋಳು ಹಾಗೂ ತಪ್ಪಿತು. 1935ಕ್ಕೆ ಉಗಿ ರೈಲ್‌ಮೋಟರ್ ಮುಗಿಯಿತು. 93ನೇ ನಂಬರಿನದನ್ನು ದುರಸ್ತಿ ಮಾಡಿ 2011ರಲ್ಲಿ ಮತ್ತೆ ಓಡಿಸಿದ್ದಾರೆ, ಡಿಡ್‌ಕಾಟ್‌ನಲ್ಲಿದೆ.

ಉಗಿ ಬೇಡ, ಪೆಟ್ರೋಲ್ ಹಾಕೋಣ ಎಂದವರು ಅಮೆರಿಕದವರು. ಮೆಕ್ಕೀನ್ ಕಂಪನಿಯ ಕಾರುಗಳು 1905ರಿಂದ ಬಂದವು. ಗಾಳಿ ಸೀಳಲೆಂದು ಚೂಪು ಮೂತಿ, ಹಡಗಿನದರಂಥ ದುಂಡು ಕಿಟಕಿ, ನೋಡಲು ಬಲು ಚೆಂದ. ಆದರೆ ಹಿಂದಕ್ಕೆ ಹೋಗಬೇಕಾದರೆ ಎಂಜಿನ್ ನಿಲ್ಲಿಸಿ, ಅದು ಉಲ್ಟಾ ತಿರುಗುವಂತೆ ಮಾಡಿ, ಮತ್ತೆ ಚಾಲೂ ಮಾಡಬೇಕು. ದೊಡ್ಡ ಎಂಜಿನ್ನಿನ ಬಲವನ್ನು ಗಿಯರು, ಕ್ಲಚ್ಚಿನ ಮೂಲಕ ಗಾಲಿಗೆ ದಾಟಿಸುವುದೇ ಆಗ ದೊಡ್ಡ ತಲೆನೋವು. ಎಂಜಿನ್ನಿನಿಂದ ಜನರೇಟರ್ ತಿರುಗಿಸಿ ಆ ಕರೆಂಟಿನಿಂದ ಮೋಟರ್ ಓಡಿಸುವ ದಾರಿ ಗಟ್ಟಿ ಅನ್ನುವುದು ಬೇಗ ಗೊತ್ತಾಯಿತು. ಸ್ವೀಡನ್ನಿನಲ್ಲಿ 1913ರಲ್ಲೇ 75 ಅಶ್ವಶಕ್ತಿಯ ಡೀಸೆಲ್-ಎಲೆಕ್ಟ್ರಿಕ್ ರೈಲ್‌ಕಾರ್ ಓಡಿತು. ಆದರೆ ಜನರೇಟರ್ ಮೋಟರ್ ಎರಡೂ ಭಾರ. ಗಿಯರ್ ಹಗುರ, ಆದರೆ ಒರಟು. ಕರೆಂಟು ನಯ, ಆದರೆ ತೂಕ. ಇವತ್ತಿಗೂ ರೈಲ್‌ಕಾರ್ ಮಾಡುವವರ ಮುಂದಿರುವ ಆಯ್ಕೆ ಇದೇ.

ತೂಕ ಇಳಿಸುವ ಹಟದಲ್ಲಿ ಫ್ರೆಂಚರು ಎಲ್ಲರಿಗಿಂತ ಮುಂದೆ ಹೋದರು. 1930ರ ದಶಕದಲ್ಲಿ ಮಿಷೆಲಿನ್ ಕಂಪನಿ ಹಳಿ ಮೇಲೆ ಗಾಳಿ ತುಂಬಿದ ರಬ್ಬರ್ ಟೈರ್ ಓಡಿಸಿತು. ಸದ್ದಿಲ್ಲ, ಬ್ರೇಕ್ ಹಾಕಿದರೆ ಗಕ್ಕನೆ ನಿಲ್ಲುತ್ತದೆ. ಆದರೆ ಹಳಿಯ ತಲೆಯಷ್ಟು ಕಿರಿದಾದ ಟೈರ್ ಎಷ್ಟು ಭಾರ ಹೊತ್ತೀತು? ಹಾಗಾಗಿ ಒಂದು ಗಾಡಿಗೆ ಗಾಲಿಗಳ ಸಾಲು ಸಾಲೇ ಬೇಕಾಯಿತು. ಅದೇ ಕಾಲಕ್ಕೆ ಬುಗಾಟಿಯವರು ಮಾರಾಟವಾಗದ ತಮ್ಮ ದುಬಾರಿ ರಾಯಲ್ ಕಾರಿನ 12.7 ಲೀಟರ್ ಎಂಜಿನ್ನುಗಳನ್ನು ರೈಲ್‌ಕಾರಿಗೆ ಕೂರಿಸಿದರು. ದೊಡ್ಡ ಮಾದರಿಯಲ್ಲಿ ನಾಲ್ಕು ಎಂಜಿನ್ನು, 800 ಅಶ್ವಶಕ್ತಿ. ರಾಜಮಹಾರಾಜರಿಗೆಂದು ಮಾಡಿದ ಎಂಜಿನ್ ಟಿಕೆಟ್ ಕೊಂಡವರನ್ನು ಹೊತ್ತಿತು. ಕವಲು ಮಾರ್ಗಕ್ಕೆ ಅದು ಆಗುವ ಮಾತಲ್ಲ ಬಿಡಿ.

ಕವಲು ಮಾರ್ಗದ ಬುದ್ಧಿವಂತಿಕೆ ಕಾಣಿಸಿದ್ದು ಐರ್ಲೆಂಡಿನ ಡೊನೆಗಾಲ್‌ನಲ್ಲಿ. 3 ಅಡಿ ಗೇಜಿನ, ಹಣದ ಮುಗ್ಗಟ್ಟಿನ ರೈಲ್ವೆ. ಹೆನ್ರಿ ಫೋರ್ಬ್ಸ್ ಎಂಬ ಮ್ಯಾನೇಜರ್ ಹಳೇ ಪೆಟ್ರೋಲ್ ಗಾಡಿಗಳಿಂದ ಶುರುಮಾಡಿ, 1931ರಲ್ಲಿ 74 ಅಶ್ವಶಕ್ತಿಯ ಗಾರ್ಡ್‌ನರ್ ಡೀಸೆಲ್ ಎಂಜಿನ್ನಿನ ರೈಲ್‌ಕಾರನ್ನು ಹಳಿಗಿಳಿಸಿದರು. ಬ್ರಿಟನ್ ಐರ್ಲೆಂಡ್ ಎರಡೂ ಸೇರಿ ಅದೇ ಮೊದಲ ಡೀಸೆಲ್ ರೈಲ್‌ಕಾರ್. ಆಗ ಬಸ್ಸುಗಳು ಪೈಪೋಟಿಗೆ ಬಂದಿದ್ದವು, ಇವರೂ ಬಸ್ಸಿನ ಹಾಗೆ ಅಡ್ಡರಸ್ತೆ, ಗೇಟು ಸಿಕ್ಕಲ್ಲೆಲ್ಲ ನಿಲ್ಲಿಸಿ ಜನ ಹತ್ತಿಸಿಕೊಂಡರು. ಕೊರತೆ ಒಂದೇ: ಈ ಗಾಡಿಗಳಿಗೆ ಡ್ರೈವರ್ ಜಾಗ ಒಂದೇ ತುದಿಯಲ್ಲಿ, ಕೊನೆಯ ಸ್ಟೇಷನ್ನಿನಲ್ಲಿ ಟರ್ನ್‌ಟೇಬಲ್ ಮೇಲೆ ತಿರುಗಿಸಲೇಬೇಕು. 1959ರ ಕೊನೆಯ ದಿನ ಆ ರೈಲ್ವೆ ಮುಚ್ಚಿತು. 19, 20ನೇ ನಂಬರಿನ ಕಾರುಗಳನ್ನು ಐಲ್ ಆಫ್ ಮ್ಯಾನ್ ರೈಲ್ವೆ ಕೊಂಡುಕೊಂಡು, ಬೆನ್ನಿಗೆ ಬೆನ್ನು ಕೊಟ್ಟು ಕಟ್ಟಿ ಓಡಿಸಿತು. ತಿರುಗಿಸುವ ಕೆಲಸವೇ ಇಲ್ಲ!

ಇನ್ನು ಜರ್ಮನಿಯ ಶೀನೆನ್‌ಬುಸ್. ರೈಲ್‌ಬಸ್ ಎಂಬ ಮಾತಿಗೆ ಇದಕ್ಕಿಂತ ಒಪ್ಪುವ ಗಾಡಿ ಬೇರೆ ಇಲ್ಲವಾದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಯುದ್ಧ ಮುಗಿದ ಮೇಲೆ ಊರ್ಡಿಂಗೆನ್‌ನ ಬೋಗಿ ಕಾರ್ಖಾನೆ 1950ರಲ್ಲಿ ಮೊದಲ ಮಾದರಿಗಳನ್ನು ಕೊಟ್ಟಿತು. ಹೆಸರು ವಿಟಿ 95. ನಾಲ್ಕೇ ಗಾಲಿ, ಎರಡೇ ಆಕ್ಸಲ್. ನೆಲದಡಿಯಲ್ಲಿ ಮಲಗಿಸಿದ ಬ್ಯೂಸಿಂಗ್ ಬಸ್ ಎಂಜಿನ್. ಆಗಿನ ನಿಯಮದಂತೆ ತಿರುವಿಗೆ ತಕ್ಕಂತೆ ಹೊರಳದ ಆಕ್ಸಲ್‌ಗಳ ನಡುವಿನ ಅಂತರ 4.5 ಮೀಟರ್ ಮೀರುವಂತಿರಲಿಲ್ಲ. ಮೊದಲ ಗಾಡಿಗಳು ಹಾಗೇ ಬಂದವು. ಸುಮಾರು 10 ಮೀಟರಿನ ಡಬ್ಬಿಗೆ ಅದು ನಡೆಯುತ್ತಿತ್ತು, ಡಬ್ಬಿ ಉದ್ದ ಮಾಡಿದರೆ ಎರಡೂ ತುದಿ ಗಾಲಿಯಿಂದಾಚೆ ಚಾಚಿಕೊಂಡು ಹಳಿಯ ಪ್ರತಿ ಜೋಡಣೆಗೂ ಮೂಗು ಏಳುತ್ತದೆ, ಬಾಲ ಬೀಳುತ್ತದೆ. ವಿಶೇಷ ಪರವಾನಗಿ ಪಡೆದು ಅಂತರವನ್ನು 6 ಮೀಟರಿಗೆ ಏರಿಸಿದ ಮೇಲೆಯೇ 13 ಮೀಟರ್ ದಾಟಿದ ಉದ್ದದ ಡಬ್ಬಿಯಾಗಿ, ಸಾಲಾಗಿ ತಯಾರಿಕೆ ಶುರುವಾಯಿತು. 90 ಕಿ.ಮೀ. ವೇಗ. ಸೀಟಿನ ಬೆನ್ನನ್ನು ಆ ಕಡೆ ಈ ಕಡೆ ಮಗುಚಬಹುದು, ಹೋಗುವ ದಿಕ್ಕಿಗೇ ಮುಖ. ಡ್ರೈವರಿಗೆ ಮುಚ್ಚಿದ ಕೋಣೆ ಇಲ್ಲ; ಅವನ ಹಿಂದಿನ ಸೀಟು ಹಿಡಿದ ಮಕ್ಕಳಿಗೆ ಇಡೀ ಹಳಿ ಕಾಣುತ್ತದೆ.

ಬಲ ಗಾಲಿಗೆ ಹೋಗುವ ದಾರಿ ಹೀಗೆ: ಎಂಜಿನ್, ಅಲ್ಲಿಂದ ಎಣ್ಣೆಯ ಮೂಲಕ ಬಲ ದಾಟಿಸುವ ಫ್ಲೂಯಿಡ್ ಕಪ್ಲಿಂಗ್, ಅಲ್ಲಿಂದ ಕರೆಂಟಿನ ಕಾಂತದಿಂದ ಬದಲಾಗುವ ಆರು ಗಿಯರಿನ ಪೆಟ್ಟಿಗೆ, ಬಲ ಒಯ್ಯುವ ಕಾರ್ಡನ್ ಶಾಫ್ಟ್ ಎಂಬ ಸರಳು, ಕೊನೆಗೆ ಆಕ್ಸಲ್ ಮೇಲೆ ದಿಕ್ಕು ಬದಲಿಸುವ ಗಿಯರ್. ರಿವರ್ಸ್ ಗಿಯರ್ ಪೆಟ್ಟಿಗೆಯಲ್ಲಿಲ್ಲ, ಆಕ್ಸಲ್ ಹತ್ತಿರ ಇದೆ ಅನ್ನುವುದನ್ನು ಗಮನಿಸಿ. ಬಸ್ಸಿಗೆ ಹಿಂದಕ್ಕೆ ಹೋಗಲು ಒಂದು ಗಿಯರ್ ಸಾಕು, ರೈಲಿಗೆ ಎರಡೂ ದಿಕ್ಕಿಗೆ ಆರೂ ಬೇಕು. ಬಸ್ಸಿನ ಸಾಮಾನನ್ನು ಹಾಗ್ಹಾಗೇ ಎತ್ತಿ ಹಳಿ ಮೇಲಿಟ್ಟು ಕೈಸುಟ್ಟುಕೊಂಡವರೆಲ್ಲ ಎಡವಿದ ಜಾಗ ಇದು.

ಮೇಲಿನ ಬೋಗಿಯ ಪ್ರಶ್ನೆಗೆ ಈಗ ಲೆಕ್ಕದಲ್ಲೇ ಉತ್ತರ ನೋಡಬಹುದು. 150 ಅಶ್ವಶಕ್ತಿ ಎಂಜಿನ್, ಅದರಲ್ಲಿ 120 ಗಾಲಿಗೆ ತಲುಪುತ್ತದೆ ಅಂದುಕೊಳ್ಳಿ. ಜನ ತುಂಬಿದ ಗಾಡಿ 20 ಟನ್. 40ಕ್ಕೆ 1 ಏರು, ಅಂದರೆ 40 ಮೀಟರ್ ಹೋದರೆ 1 ಮೀಟರ್ ಮೇಲೇರುವ ಹಳಿ ಬಂತು: ಪ್ರತಿ ಟನ್ನಿಗೆ 25 ಕಿಲೋ ಎಳೆತ ಏರಿಗೆ, ಗಾಲಿ ಉರುಳಲು ಇನ್ನೊಂದು 5 ಕಿಲೋ, ಒಟ್ಟು 600 ಕಿಲೋ. 120 ಅಶ್ವಶಕ್ತಿಗೆ ಇದನ್ನು ಎಳೆಯಲು ಸೆಕೆಂಡಿಗೆ 15 ಮೀಟರ್, ಅಂದರೆ ಗಂಟೆಗೆ 54 ಕಿ.ಮೀ. ವೇಗ ಸಿಗುತ್ತದೆ. ಹಿಂದೆ ಜನ ತುಂಬಿದ 16 ಟನ್ನಿನ ಟ್ರೇಲರ್, ಅಂದರೆ ಎಂಜಿನ್ನಿಲ್ಲದ ಬೋಗಿ ಸಿಕ್ಕಿಸಿ. 36 ಟನ್ನಿಗೆ 1,080 ಕಿಲೋ ಎಳೆತ, ವೇಗ 30ಕ್ಕೆ ಇಳಿಯಿತು. ವೇಳಾಪಟ್ಟಿ ಅಲ್ಲಿಗೇ ಮುರಿಯಿತು. ಅದಕ್ಕಿಂತ ಕೆಟ್ಟದ್ದು ಹಿಡಿತದ್ದು. ವಿಟಿ 95ರಲ್ಲಿ ಬಲ ಹೋಗುವುದು ಒಂದೇ ಆಕ್ಸಲ್‌ಗೆ, ಅದರ ಮೇಲಿರುವ ಭಾರ ಸುಮಾರು 10 ಟನ್. ಒದ್ದೆ ಹಳಿಯಲ್ಲಿ ಆ ಭಾರದ ಶೇ. 15 ಹಿಡಿತ ಸಿಕ್ಕರೆ 1,500 ಕಿಲೋ, ಪರವಾಗಿಲ್ಲ. ಎಲೆ ಉದುರಿ ಅರೆದು ಲೋಳೆಯಾದ ಹಳಿಯಲ್ಲಿ ಶೇ. 5 ಸಿಕ್ಕಿದರೂ ಹೆಚ್ಚು, 500 ಕಿಲೋ. ಬೇಕಾದದ್ದು 1,080. ಗಾಲಿ ಇದ್ದಲ್ಲೇ ಸುತ್ತುತ್ತದೆ, ಮರಳು ಉದುರಿಸಿದರೂ ಗಾಡಿ ತೆವಳುತ್ತದೆ. ಒಂಟಿ ಡಬ್ಬಿಗೂ ಆಗ 600 ಬೇಕು, ಅದೂ ಜಾರುತ್ತದೆ, ಆದರೆ ಮರಳು ಹಾಕಿ ಹೇಗೋ ಹತ್ತಿಸಬಹುದು.

ವಿಟಿ 95ರ ಪೇಚು ಇನ್ನೂ ಇತ್ತು. ಹಗುರ ಮಾಡುವ ಭರದಲ್ಲಿ ಮಾಮೂಲಿ ಬಫರು (ಬೋಗಿಗಳ ನಡುವಿನ ಹೊಡೆತ ತಾಳುವ ಗುಂಡು ತಟ್ಟೆ), ಬೋಗಿಗಳನ್ನು ಕಟ್ಟುವ ಸ್ಕ್ರೂ ಕಪ್ಲಿಂಗ್ ಬಿಟ್ಟಿದ್ದರು, ತನ್ನದೇ ಜಾತಿಯ ಟ್ರೇಲರ್ ಬಿಟ್ಟರೆ ಬೇರೇನೂ ಕಟ್ಟಲಾಗದು. ಆ ಟ್ರೇಲರಿನಲ್ಲಿ ಡ್ರೈವರ್ ಜಾಗವಿಲ್ಲ, ಹಾಗಾಗಿ ಕೊನೆಯ ಸ್ಟೇಷನ್ನಿನಲ್ಲಿ ಅದನ್ನು ಬಿಚ್ಚಿ, ಲೂಪ್ ಲೈನಿನಲ್ಲಿ ಸುತ್ತಿ ಬಂದು, ಇನ್ನೊಂದು ತುದಿಗೆ ಕಟ್ಟಬೇಕು. ಯಾವ ಕೆಲಸ ತಪ್ಪಿಸಲು ರೈಲ್‌ಬಸ್ ತಂದರೋ ಅದೇ ಕೆಲಸ ವಾಪಸ್ ಬಂತು.

ಇದನ್ನೆಲ್ಲ ನೋಡಿ ಮಾಡಿದ್ದು ವಿಟಿ 98. ಎರಡು ಎಂಜಿನ್, ತಲಾ 150, ಎರಡೂ ಆಕ್ಸಲ್‌ಗೆ ಬಲ. ಮಾಮೂಲಿ ಬಫರು, ಸ್ಕ್ರೂ ಕಪ್ಲಿಂಗ್ ವಾಪಸ್ ಬಂದವು, ಬೇಕಾದರೆ ಒಂದು ಗೂಡ್ಸ್ ವ್ಯಾಗನ್ ಕಟ್ಟಿಕೊಂಡು ಹೋಗಬಹುದು. ಜೊತೆಗೆ ಎಂಜಿನ್ನಿಲ್ಲದ, ಆದರೆ ಡ್ರೈವರ್ ಜಾಗವಿರುವ ಟ್ರೇಲರ್ ಬಂತು. ಮೋಟರ್ ಡಬ್ಬಿ, ನಡುವೆ ಮಾಮೂಲಿ ಟ್ರೇಲರ್, ಕೊನೆಗೆ ಡ್ರೈವರ್ ಟ್ರೇಲರ್, ಇದು ಮಾಮೂಲು ಜೋಡಣೆ. ಭಾರ ಹೆಚ್ಚಿತು, ಬೆಲೆಯೂ ಹೆಚ್ಚಿತು, ಆದರೆ ಗಾಡಿ ಕೆಲಸಕ್ಕೆ ಬಂತು. ನನ್ನನ್ನು ಕೇಳಿದರೆ ವಿಟಿ 98 ಇಲ್ಲದೆ ಹೋಗಿದ್ದರೆ ವಿಟಿ 95 ಬರೀ ಒಂದು ಪ್ರಯೋಗ ಅನ್ನಿಸಿಕೊಳ್ಳುತ್ತಿತ್ತು. ಜರ್ಮನ್ನರು ಇವನ್ನು ಕವಲು ಮಾರ್ಗಗಳ ರಕ್ಷಕ ಎಂದು ಕರೆದರು. ಸ್ಪೇನ್, ಆಸ್ಟ್ರಿಯಾ, ಯುಗೊಸ್ಲಾವಿಯಗಳಲ್ಲೂ ಇದೇ ನಮೂನೆಯವು ಓಡಿದವು. ಮುಂದೆ ಕೆಲವು ವಿಟಿ 98ಗಳಿಗೆ ತಾನಾಗಿ ಮುಚ್ಚುವ ಬಾಗಿಲು ಹಾಕಿ ಡ್ರೈವರೇ ಟಿಕೆಟ್ ಕೊಡುವಂತೆ ಮಾಡಿದರು. ರಕ್ಷಣೆ ಎಲ್ಲ ಕಡೆ ಉಳಿಯಲಿಲ್ಲ, ಸ್ವಂತ ಕಾರು ಬಂದ ಮೇಲೆ ಎಷ್ಟೋ ಮಾರ್ಗ ಮುಚ್ಚಿದವು.

ಅಮೆರಿಕದ ಬಡ್ ಕಂಪನಿ 1949ರಲ್ಲಿ ತಂದ ಆರ್‌ಡಿಸಿ (ರೈಲ್ ಡೀಸೆಲ್ ಕಾರ್) ಬೇರೆಯೇ ಜಾತಿ. 85 ಅಡಿ ಉದ್ದದ ಪೂರ್ಣ ಪ್ರಮಾಣದ ಸ್ಟೇನ್‌ಲೆಸ್ ಸ್ಟೀಲ್ ಬೋಗಿ, ನೆಲದಡಿಯಲ್ಲಿ 275 ಅಶ್ವಶಕ್ತಿಯ ಎರಡು ಡೀಸೆಲ್ ಎಂಜಿನ್, ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್, ಡಿಸ್ಕ್ ಬ್ರೇಕ್. ರೇಡಿಯೇಟರ್ ಮಾತ್ರ ಚಾವಣಿಯ ಮೇಲೆ ಗೂನಿನ ಹಾಗೆ, ಹಳಿಯ ಧೂಳು ತಾಗದಂತೆ. 1962ರವರೆಗೆ 398 ಕಾರು ಮಾಡಿದರು. ಬೋಗಿ ಸಿಕ್ಕಿಸುವ ಆಸೆಗೆ ಬಡ್ ಕಂಪನಿಯ ಉತ್ತರ ಸರಳ: ಸಿಕ್ಕಿಸಬೇಡಿ. ಎಂಜಿನ್ನೂ ಕನ್ವರ್ಟರೂ ಒಂದು ಡಬ್ಬಿಯ ಲೆಕ್ಕಕ್ಕೆ ಮಾಡಿದವು, ಟ್ರೇಲರ್ ಎಳೆದರೆ ಕಾದು ಕೆಡುತ್ತವೆ. ಜನ ಹೆಚ್ಚಾದರೆ ಇನ್ನೊಂದು ಆರ್‌ಡಿಸಿಯನ್ನೇ ಜೋಡಿಸಿ, ಎಲ್ಲವನ್ನೂ ಒಬ್ಬನೇ ಡ್ರೈವರ್ ಓಡಿಸಬಹುದು. ಕೊಳ್ಳುವವರಿಗೆ ಹೊಟ್ಟೆ ಉರಿಯುವ ಉತ್ತರ, ಆದರೆ ತಾಂತ್ರಿಕವಾಗಿ ಸರಿಯಾದದ್ದು. ಇವತ್ತಿನ ರೈಲ್‌ಕಾರುಗಳು ಬಹುಪಾಲು ಇದೇ ದಾರಿ ಹಿಡಿದಿವೆ. (1966ರಲ್ಲಿ ಒಂದು ಆರ್‌ಡಿಸಿಯ ಚಾವಣಿಗೆ ಎರಡು ಜೆಟ್ ಎಂಜಿನ್ ಕಟ್ಟಿ ಗಂಟೆಗೆ 295 ಕಿ.ಮೀ. ಓಡಿಸಿದರು. ಅದು ಯಾವ ಊರಿನ ಜನಕ್ಕೂ ಉಪಯೋಗಕ್ಕೆ ಬರಲಿಲ್ಲ.)

ಹಗುರಾದ ಗಾಡಿಗೆ ಇನ್ನೊಂದು ಕಾಟವಿದೆ, ಅದು ಕಣ್ಣಿಗೆ ಬೀಳುವುದಿಲ್ಲ. ಗಾಡಿ ಹಳಿ ಮೇಲೆ ಇರುವುದೇ ಸಿಗ್ನಲ್ಲಿಗೆ ಗೊತ್ತಾಗದೆ ಹೋಗುವುದು.

ಹಳಿ ಮೇಲೆ ಗಾಡಿ ಇದೆಯೇ ಎಂದು ಸಿಗ್ನಲ್ಲಿಗೆ ತಿಳಿಸುವ ಟ್ರ್ಯಾಕ್ ಸರ್ಕ್ಯೂಟ್ ಕೆಲಸ ಮಾಡುವ ರೀತಿ ಸರಳ. ಹಳಿಯ ಒಂದು ತುಂಡಿನ ಒಂದು ತುದಿಯಲ್ಲಿ ಎರಡೂ ಹಳಿಗೆ ಕೆಲವೇ ವೋಲ್ಟಿನ ಕರೆಂಟು ಕೊಡುತ್ತಾರೆ, ಇನ್ನೊಂದು ತುದಿಯಲ್ಲಿ ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್ಚು. ಹಳಿ ಖಾಲಿ ಇದ್ದರೆ ಕರೆಂಟು ರಿಲೇಗೆ ಮುಟ್ಟಿ ಅದನ್ನು ಎತ್ತಿ ಹಿಡಿದಿರುತ್ತದೆ. ಗಾಡಿ ಬಂತೆಂದರೆ ಗಾಲಿ ಮತ್ತು ಆಕ್ಸಲ್ ಎರಡು ಹಳಿಯನ್ನೂ ಶಾರ್ಟ್ ಮಾಡುತ್ತವೆ, ರಿಲೇಗೆ ಕರೆಂಟಿಲ್ಲ, ಅದು ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ತಂತಿ ಹರಿದರೂ ಹಳಿ ಮುರಿದರೂ ಕೆಂಪೇ, ಹಾಗಾಗಿ ಇದು ಸುರಕ್ಷಿತ. ಇದೆಲ್ಲ ನಿಂತಿರುವುದು ಗಾಲಿಗೂ ಹಳಿಗೂ ನಡುವೆ ಲೋಹಕ್ಕೆ ಲೋಹ ತಾಗುತ್ತದೆ ಎಂಬ ನಂಬಿಕೆಯ ಮೇಲೆ. ದಿನಕ್ಕೆ ನಾಲ್ಕೇ ಗಾಡಿ ಓಡುವ ಕವಲು ಮಾರ್ಗದ ಹಳಿ ತಲೆಗೆ ತೆಳು ತುಕ್ಕು ಹಿಡಿಯುತ್ತದೆ, ಮೇಲೆ ಎಲೆಯ ಲೋಳೆ. ಭಾರೀ ಎಂಜಿನ್ ಅದನ್ನು ಅರೆದು ಹಾಕುತ್ತದೆ. ಹಗುರ ರೈಲ್‌ಬಸ್ ಅದರ ಮೇಲೇ ತೇಲಿದ ಹಾಗೆ ಹೋಗುತ್ತದೆ. ರಿಲೇ ಬೀಳುವುದಿಲ್ಲ, ಗಾಡಿ ಇದ್ದರೂ ಹಳಿ ಖಾಲಿ ಎಂದು ತೋರಿಸುತ್ತದೆ.

ಬ್ರಿಟನ್ನಿನಲ್ಲಿ 1990ರ ಆಸುಪಾಸಿನಲ್ಲಿ ಇದು ಜೋರಾಗಿ ಕಾಡಿತು. ಡಿಸ್ಕ್ ಬ್ರೇಕಿನ ಹೊಸ ರೈಲ್‌ಕಾರುಗಳೂ ಅದಕ್ಕೆ ಕಾರಣ. ಹಳೇ ಬೋಗಿಗಳಲ್ಲಿ ಬ್ರೇಕ್ ಕಟ್ಟೆ ಗಾಲಿಯ ಮೈಯನ್ನೇ ಒತ್ತುತ್ತಿತ್ತು, ಹಾಗಾಗಿ ಪ್ರತಿ ಬ್ರೇಕಿಗೂ ಗಾಲಿ ತಿಕ್ಕಿ ತೊಳೆದ ಹಾಗಾಗುತ್ತಿತ್ತು. ಡಿಸ್ಕ್ ಬಂದ ಮೇಲೆ ಗಾಲಿಯ ಮೈ ಮುಟ್ಟುವವರಿಲ್ಲ, ಕೊಳೆ ಹಾಗೇ ಪದರ ಕಟ್ಟಿತು. ಮದ್ದಾಗಿ ಗಾಡಿಯಡಿಗೆ ಒಂದು ಆಂಟೆನಾ ಕಟ್ಟಿದರು. ಅದು ಹಳಿಗಳ ನಡುವೆ ಹೆಚ್ಚು ಆವರ್ತನದ ವೋಲ್ಟೇಜ್ ಹುಟ್ಟಿಸಿ ಆ ಪದರವನ್ನು ಭೇದಿಸುತ್ತದೆ, ಆಮೇಲೆ ಸಿಗ್ನಲ್ಲಿನ ಕರೆಂಟು ದಾಟುತ್ತದೆ. ಇನ್ನೊಂದು ಮದ್ದು ಟ್ರ್ಯಾಕ್ ಸರ್ಕ್ಯೂಟನ್ನೇ ಬಿಟ್ಟು ಆಕ್ಸಲ್ ಕೌಂಟರ್ ಹಾಕುವುದು: ಒಳಗೆ ಹೋದ ಆಕ್ಸಲ್ ಎಷ್ಟು, ಹೊರಗೆ ಬಂದದ್ದೆಷ್ಟು ಎಂದು ಎಣಿಸುತ್ತದೆ, ತುಕ್ಕಿನ ಹಂಗಿಲ್ಲ. ನಮ್ಮ ರೈಲ್ವೆಯಲ್ಲಿ ಇದು ಬೇಕಾದಷ್ಟಿದೆ. ಅಮೆರಿಕದ ಇಲಿನಾಯ್‌ನಲ್ಲಂತೂ ಒಂದು ಪ್ರಯಾಣಿಕ ಗಾಡಿಗೆ ಕನಿಷ್ಠ 32 ಆಕ್ಸಲ್ ಇರಲೇಬೇಕೆಂದು ಹಳಿಯ ಮಾಲೀಕರು ಹಟ ಹಿಡಿದರು. ಜನ ಬೇಕಿಲ್ಲದಿದ್ದರೂ ಆಕ್ಸಲ್ ಎಣಿಕೆಗಾಗಿ ಬೋಗಿ ಎಳೆಯುವುದು!

ಬ್ರಿಟನ್ನಿನ ಆ ಹಗುರ ಗಾಡಿಗಳಲ್ಲಿ ಹೆಸರಾದದ್ದು ಪೇಸರ್. ಲೇಲ್ಯಾಂಡ್ ನ್ಯಾಷನಲ್ ಬಸ್ಸಿನ ಮೈಯನ್ನು ಗೂಡ್ಸ್ ವ್ಯಾಗನ್ನಿಗೆ ಮಾಡಿದ ನಾಲ್ಕು ಗಾಲಿಯ ಚೌಕಟ್ಟಿನ ಮೇಲೆ ಕೂರಿಸಿ 1978ರಲ್ಲಿ ನೋಡಿದ ಪ್ರಯೋಗದಿಂದ ಹುಟ್ಟಿದ್ದು. ಆಕ್ಸಲ್ ಅಂತರ 9 ಮೀಟರ್. ನೇರ ಹಳಿಯಲ್ಲಿ ಇದು ಒಳ್ಳೆಯದೇ, ಆದರೆ ಬಿಗಿ ತಿರುವಿನಲ್ಲಿ ತಿರುಗದ ಆಕ್ಸಲ್ ಗಾಲಿಯ ಅಂಚನ್ನು ಹಳಿಗೆ ಉಜ್ಜುತ್ತದೆ. ಕಿವಿ ಸೀಳುವ ಕೀರಲು ಒಂದು ಕಡೆ, ಗಾಲಿ ಸವೆತ ಇನ್ನೊಂದು ಕಡೆ. ತಿರುವುಗಳೇ ತುಂಬಿದ ಕಾರ್ನ್‌ವಾಲ್‌ಗೆ ಕಳಿಸಿದ್ದವನ್ನು ವಾಪಸ್ ಕರೆಸಬೇಕಾಯಿತು. ಹೊಸ ಗಾಡಿ ಬರುವವರೆಗೆ ಎಂದು ತಂದ ಪೇಸರ್‌ಗಳಲ್ಲಿ ಕೊನೆಯವು ನಿಂತದ್ದು 2021ರಲ್ಲಿ.

ನಮ್ಮಲ್ಲಿ ಕಾಲ್ಕಾ–ಶಿಮ್ಲಾದ ರೈಲ್ ಮೋಟರ್ ಕಾರ್ ಬಹಳ ಹಳೆಯದು. ಬೆಂಗಳೂರಿನ ಬೆಮೆಲ್ ಕೂಡ ರೈಲ್‌ಬಸ್ ತಯಾರಿಸಿದೆ. ಆದರೆ ಭಾರತದ ಕವಲು ಮಾರ್ಗಕ್ಕೂ ಜರ್ಮನಿಯದಕ್ಕೂ ಒಂದು ವ್ಯತ್ಯಾಸ: ಇಲ್ಲಿ ಟಿಕೆಟ್ ದರ ಕಡಿಮೆ, ಜನ ಹೆಚ್ಚು. ಖಾಲಿ ಗಾಡಿ ಓಡಿಸುವ ನಷ್ಟಕ್ಕಿಂತ ತುಂಬಿದ ಗಾಡಿಯಲ್ಲಿ ಜಾಗ ಸಾಲದ ಕಷ್ಟವೇ ಬೇಗ ಎದುರಾಗುತ್ತದೆ. ಹಾಗಾಗಿ ರೈಲ್‌ಬಸ್ ಬೆಳೆಯಲಿಲ್ಲ, ಡೆಮು (ಡೀಸೆಲ್-ಎಲೆಕ್ಟ್ರಿಕ್ ಮಲ್ಟಿಪಲ್ ಯೂನಿಟ್) ಬೆಳೆಯಿತು. ಡೆಮು ಈ ಪ್ರಶ್ನೆಗೆ ಭಾರದ ಕಡೆಯಿಂದ ಉತ್ತರ ಹೇಳುತ್ತದೆ: ಮುಂದಿನ ಡಬ್ಬಿಯ ಒಂದು ಭಾಗವನ್ನು ಎಂಜಿನ್ ಕೋಣೆ ಮಾಡಿ, 1,400 ಅಶ್ವಶಕ್ತಿಯ ಎಂಜಿನ್ನೂ ಜನರೇಟರೂ ಕೂರಿಸಿ, ಹಿಂದೆ ಮೂರ್ನಾಲ್ಕು ಬೋಗಿ ಎಳೆಸುವುದು. ಹಗುರದ ಆಸೆ ಬಿಟ್ಟಾಯಿತು, ಆದರೆ ಕೊನೆಯಲ್ಲಿ ಎಂಜಿನ್ ಸುತ್ತಿಸುವ ಕೆಲಸ ಇಲ್ಲ, ಆ ಲಾಭ ಉಳಿಯಿತು.

ಜರ್ಮನಿಯಲ್ಲಿ 1990ರ ದಶಕದಲ್ಲಿ ಪ್ರಾದೇಶಿಕ ರೈಲಿನ ಹೊಣೆ ರಾಜ್ಯಗಳ ಕೈಗೆ ಬಂದ ಮೇಲೆ ಮುಚ್ಚಿದ ಕೆಲವು ಮಾರ್ಗಗಳು ತೆರೆದವು. ಬೋಬ್ಲಿಂಗೆನ್–ಡೆಟೆನ್‌ಹೌಸೆನ್ ನಡುವಿನ ಶ್ಯೋನ್‌ಬುಕ್ ಮಾರ್ಗ ಅದರಲ್ಲೊಂದು. 1960ರ ದಶಕದಲ್ಲಿ ಪ್ರಯಾಣಿಕರಿಗೆ ಮುಚ್ಚಿದ್ದನ್ನು 1996ರ ಡಿಸೆಂಬರ್‌ನಲ್ಲಿ ರೆಜಿಯೊ-ಶಟ್ಲ್ ಎಂಬ ಒಂಟಿ ಡಬ್ಬಿಯ ಹೊಸ ರೈಲ್‌ಕಾರುಗಳೊಂದಿಗೆ ತೆರೆದರು. ಲೆಕ್ಕ ಹಾಕಿದ್ದಕ್ಕಿಂತ ಎಷ್ಟೋ ಹೆಚ್ಚು ಜನ ಬಂದರು. ಒಂಟಿ ಡಬ್ಬಿ ಸಾಲದೆ ಎರಡು ಜೋಡಿಸಿದರು, ಬೆಳಗಿನ ಹೊತ್ತಿಗೆ ಇನ್ನೂ ಹೆಚ್ಚು ಜೋಡಿಸಿದರು, ಮತ್ತಷ್ಟು ಗಾಡಿ ಕೊಂಡರು. ಅದೂ ಸಾಲದೆ ಮಾರ್ಗದ ಮೇಲೆ ತಂತಿ ಎಳೆದು, 2019ರಲ್ಲಿ ವಿದ್ಯುತ್ ಮಾರ್ಗ ಮಾಡಿ ತೆರೆದರು. ವಿದ್ಯುತ್ ಗಾಡಿಗಳು ಬಂದ ಮೇಲೆ ಡೀಸೆಲ್ ರೈಲ್‌ಕಾರುಗಳಿಗೆ ಅಲ್ಲಿ ಕೆಲಸ ಉಳಿಯಲಿಲ್ಲ.